ಮೆರವಣಿಗೆ ಯಾರ ಮನೆಯ ಮುಂದೆ? ಕೇಬಲ್ ಸ್ಟ್ರೀಟ್‌ನಿಂದ ವೈಟ್‌ಚಾಪಲ್‌ವರೆಗೆ

2025ರ ಅಕ್ಟೋಬರ್ 25ರ ಶನಿವಾರ ಪೂರ್ವ ಲಂಡನ್ನಿನ ವೈಟ್‌ಚಾಪಲ್‌ನಲ್ಲಿ ಮೆರವಣಿಗೆ ನಡೆಸುವುದಾಗಿ ಯುಕೆಐಪಿ (ಯುಕೆ ಇಂಡಿಪೆಂಡೆನ್ಸ್ ಪಾರ್ಟಿ) ಎಂಬ ತೀವ್ರ ಬಲಪಂಥೀಯ ಪಕ್ಷ ಸಾರಿತ್ತು. ವಲಸಿಗರನ್ನು ಸಾಮೂಹಿಕವಾಗಿ ಗಡೀಪಾರು ಮಾಡಬೇಕೆಂಬುದು ಅದರ ಬೇಡಿಕೆ. ವೈಟ್‌ಚಾಪಲನ್ನು ಇಸ್ಲಾಂವಾದಿಗಳ ಕೈಯಿಂದ ಮರಳಿ ಪಡೆಯಬೇಕೆಂಬುದು ಕರೆ. ವೈಟ್‌ಚಾಪಲ್ ಸೇರಿರುವ ಟವರ್ ಹ್ಯಾಮ್ಲೆಟ್ಸ್ ಬಾಂಗ್ಲಾದೇಶಿ ಮೂಲದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ ಪ್ರದೇಶ. ಮೆರವಣಿಗೆ ನಡೆದರೆ ಗಂಭೀರ ಗಲಭೆಯಾಗುವ ಸಾಧ್ಯತೆ ಇದೆ ಎಂದು ಹೇಳಿದ ಮೆಟ್ರೊಪಾಲಿಟನ್ ಪೊಲೀಸರು, ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯ ಅಧಿಕಾರ ಬಳಸಿ, ಟವರ್ ಹ್ಯಾಮ್ಲೆಟ್ಸ್‌ನ ಎಲ್ಲಿಯೂ ಈ ಪ್ರದರ್ಶನ ನಡೆಯಕೂಡದೆಂದು ಷರತ್ತು ಹಾಕಿದರು. ಪಕ್ಷದವರು ನಗರದ ಬೇರೆ ಭಾಗದಲ್ಲಿ ಸೇರಿದರು. ಆದರೂ ಆ ದಿನ ವೈಟ್‌ಚಾಪಲ್‌ನ ಮುಖ್ಯ ರಸ್ತೆ ಖಾಲಿ ಇರಲಿಲ್ಲ. ಸ್ಥಳೀಯ ನಿವಾಸಿಗಳೂ ಫ್ಯಾಸಿಸಂ ವಿರೋಧಿ ಸಂಘಟನೆಗಳವರೂ ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆರೆದಿದ್ದರು. ಅವರು ನಿಂತಿದ್ದ ಜಾಗದಿಂದ ಕಾಲ್ನಡಿಗೆಯ ದೂರದಲ್ಲೇ ಕೇಬಲ್ ಸ್ಟ್ರೀಟ್ ಇದೆ. ಅದಕ್ಕೆ ಎಂಬತ್ತೊಂಬತ್ತು ವರ್ಷ ಹಿಂದೆ, 1936ರಲ್ಲಿ, ಅದೇ ಅಕ್ಟೋಬರ್ ತಿಂಗಳಲ್ಲಿ, ಇಂಥದೇ ಒಂದು ಮೆರವಣಿಗೆಯನ್ನು ನಿಷೇಧಿಸಿ ಎಂದು ಜನ ಬೇಡಿಕೊಂಡಾಗ ಸರ್ಕಾರ ಒಪ್ಪಿರಲಿಲ್ಲ.

ಬೀದಿಯಲ್ಲಿ ಫ್ಯಾಸಿಸ್ಟರೂ ಅವರ ವಿರೋಧಿಗಳೂ ಎದುರಾಗುವ ಸುದ್ದಿ ನಮಗೆ ತಲುಪುವಾಗ ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಬಂದಿರುತ್ತದೆ: ಎರಡು ಗುಂಪುಗಳ ನಡುವೆ ಘರ್ಷಣೆ, ಇಷ್ಟು ಮಂದಿಯ ಬಂಧನ, ಇಷ್ಟು ಪೊಲೀಸರಿಗೆ ಗಾಯ. ಈ ಅಚ್ಚಿನಲ್ಲಿ ಮೆರವಣಿಗೆ ಯಾರ ಮನೆಯ ಮುಂದೆ ಹಾದುಹೋಗಲಿತ್ತು ಎಂಬುದಕ್ಕೆ ಜಾಗವಿಲ್ಲ. ಗಾಜಿನ ಚೂರುಗಳನ್ನು ಗುಡಿಸಿದ ಮೇಲೆ ಮುಂದಿನ ವಾರ, ಮುಂದಿನ ತಿಂಗಳು ಆ ಬೀದಿಯಲ್ಲಿ ಏನಾಯಿತು ಎಂಬುದಕ್ಕಂತೂ ಇಲ್ಲವೇ ಇಲ್ಲ. ನನ್ನ ತಿಳಿವಳಿಕೆಯಲ್ಲಿ ಈ ಘರ್ಷಣೆಗಳ ಅರ್ಥ ಅಡಗಿರುವುದು ಈ ಎರಡು ಪ್ರಶ್ನೆಗಳಲ್ಲಿ. ಬೀದಿಯ ಒಂದು ಮಧ್ಯಾಹ್ನದಲ್ಲಿ ಯಾರು ಗೆದ್ದರು ಎಂಬುದಕ್ಕಿಂತ, ಆ ಬೀದಿಯ ನಿವಾಸಿಗಳು ಸಂಘಟಿತರಾಗಿದ್ದರೇ, ನಂತರವೂ ಸಂಘಟಿತರಾಗಿ ಉಳಿದರೇ ಎಂಬುದೇ ಮುಂದಿನದನ್ನು ನಿರ್ಧರಿಸಿದೆ. ಇದನ್ನು ನೋಡಲು ಬ್ರಿಟನ್ನಿನಷ್ಟು ಉದ್ದದ, ದಾಖಲೆಗಳುಳ್ಳ ಚರಿತ್ರೆ ಬೇರೆಡೆ ಸಿಗುವುದು ಕಷ್ಟ.

ಮೊದಲು ಪದದ ಮಾತು. 'ಫ್ಯಾಸಿಸ್ಟ್' ಎಂಬುದನ್ನು ಬೈಗುಳದಂತೆ ಬಳಸುವುದು ರೂಢಿಯಾಗಿದೆ, ಆದ್ದರಿಂದ ಎಚ್ಚರ ಬೇಕು. 1930ರ ದಶಕದ ಬ್ರಿಟಿಷ್ ಯೂನಿಯನ್ ಆಫ್ ಫ್ಯಾಸಿಸ್ಟ್ಸ್ ತನ್ನ ಹೆಸರಿನಲ್ಲೇ ಆ ಪದವನ್ನು ಹೊತ್ತುಕೊಂಡಿತ್ತು. 1967ರಲ್ಲಿ ಹುಟ್ಟಿದ ನ್ಯಾಷನಲ್ ಫ್ರಂಟ್ ಆ ಹೆಸರನ್ನು ನಿರಾಕರಿಸಿದರೂ, ಅದರ ನಾಯಕ ಜಾನ್ ಟಿಂಡಲ್ ಹಿಂದೆ ನಾಜಿ ಮಾದರಿಯ ಸಮವಸ್ತ್ರ ತೊಟ್ಟು ತೆಗೆಸಿಕೊಂಡಿದ್ದ ಚಿತ್ರಗಳೇ ಅದರ ಮೂಲವನ್ನು ಸಾರುತ್ತಿದ್ದವು. ಇಂದಿನ ಗುಂಪುಗಳಲ್ಲಿ ಬಹುಪಾಲು ಈ ಹಣೆಪಟ್ಟಿಯನ್ನು ಒಪ್ಪುವುದಿಲ್ಲ. ಅವುಗಳ ಮೆರವಣಿಗೆಗೆ ಬರುವವರೆಲ್ಲ ಫ್ಯಾಸಿಸ್ಟರೂ ಅಲ್ಲ. ಹೀಗಾಗಿ ಇಂದಿನವರನ್ನು ಇಲ್ಲಿ ತೀವ್ರ ಬಲಪಂಥೀಯರೆಂದೇ ಕರೆಯುತ್ತೇನೆ. ಆದರೆ ಮೆರವಣಿಗೆಯ ತಂತ್ರ ಮಾತ್ರ ಹೆಚ್ಚು ಬದಲಾಗಿಲ್ಲ: ನಿರ್ದಿಷ್ಟ ಸಮುದಾಯವೊಂದು ವಾಸಿಸುವ ಬೀದಿಯನ್ನೇ ಆರಿಸಿಕೊಂಡು, ಅಲ್ಲಿ ಸಂಖ್ಯಾಬಲ ತೋರಿಸಿ, 'ನೀವು ಇಲ್ಲಿಯವರಲ್ಲ' ಎಂಬ ಮಾತನ್ನು ಅವರ ಕಿಟಕಿಗೆ ಕೇಳಿಸುವಂತೆ ಹೇಳುವುದು. ಊರಿನ ನಡುವಿನ ಮೈದಾನದಲ್ಲಿ ಹೇಳಿದರೆ ಅಭಿಪ್ರಾಯವಾಗಿ ಉಳಿಯಬಹುದಾದ ಮಾತು, ಮನೆ ಬಾಗಿಲಲ್ಲಿ ಹೇಳಿದಾಗ ಬೆದರಿಕೆಯಾಗುತ್ತದೆ.

ಸರ್ ಆಸ್ವಾಲ್ಡ್ ಮೋಸ್ಲಿ ಲೇಬರ್ ಸರ್ಕಾರದಲ್ಲಿ ಸಚಿವನಾಗಿದ್ದವನು. ನಿರುದ್ಯೋಗ ನಿವಾರಣೆಗೆ ತಾನು ಮುಂದಿಟ್ಟ ಯೋಜನೆ ತಿರಸ್ಕೃತವಾದಾಗ 1930ರಲ್ಲಿ ರಾಜೀನಾಮೆ ಕೊಟ್ಟು, ಇಟಲಿಯ ಮುಸೊಲಿನಿಯನ್ನು ಕಂಡು ಬಂದು, 1932ರಲ್ಲಿ ತನ್ನ ಫ್ಯಾಸಿಸ್ಟ್ ಸಂಘಟನೆ ಕಟ್ಟಿದ. ಡೈಲಿ ಮೇಲ್ ಪತ್ರಿಕೆಯ ಒಡೆಯ ಲಾರ್ಡ್ ರೋದರ್ಮಿಯರ್ ಅವನ ಬೆನ್ನಿಗಿದ್ದರು. 1934ರ ಜೂನ್‌ನಲ್ಲಿ ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ನಡೆದ ಅವನ ಸಭೆಯಲ್ಲಿ, ನಡುವೆ ಕೂಗಿದವರನ್ನು ಕರಿ ಅಂಗಿಯ ಕಾರ್ಯಕರ್ತರು ಬಡಿದು ಹೊರಹಾಕಿದ ರೀತಿಯನ್ನು ಕಂಡ ಮೇಲೆ ಗಣ್ಯರ ಬೆಂಬಲ ಕರಗಿತು. ರೋದರ್ಮಿಯರ್ ಕೂಡ ಹಿಂದೆ ಸರಿದರು. ಆ ಬಳಿಕವೇ ಮೋಸ್ಲಿಯ ಪಕ್ಷ ಯಹೂದಿ ದ್ವೇಷವನ್ನು ತನ್ನ ಮುಖ್ಯ ಬಂಡವಾಳ ಮಾಡಿಕೊಂಡು, ಬಡ ಯಹೂದಿ ದರ್ಜಿಗಳೂ ಹಡಗುಕಟ್ಟೆಯ ಐರಿಷ್ ಕೂಲಿಗಳೂ ಒತ್ತೊತ್ತಾಗಿ ಬದುಕುತ್ತಿದ್ದ ಪೂರ್ವ ಲಂಡನ್ನಿನ ಈಸ್ಟ್ ಎಂಡ್‌ನತ್ತ ಹೊರಳಿತು. ಕಿರಿದಾದ ಮನೆಗಳು, ಏರುವ ಬಾಡಿಗೆ, ಅನಿಶ್ಚಿತ ಕೂಲಿ ಇವಕ್ಕೆಲ್ಲ ಪಕ್ಕದ ಮನೆಯ ಯಹೂದಿಯೇ ಕಾರಣ ಎಂದು ಬೀದಿ ಮೂಲೆಗಳಲ್ಲಿ ಭಾಷಣಗಳು ನಡೆದವು.

1936ರ ಅಕ್ಟೋಬರ್ 4ರ ಭಾನುವಾರ ಸಮವಸ್ತ್ರ ಧರಿಸಿದ ಫ್ಯಾಸಿಸ್ಟರು ನಾಲ್ಕು ತುಕಡಿಗಳಾಗಿ ಈಸ್ಟ್ ಎಂಡ್ ಒಳಗೆ ಪಥಸಂಚಲನ ಮಾಡುವರೆಂದು ಮೋಸ್ಲಿ ಪ್ರಕಟಿಸಿದ. ಜ್ಯೂಯಿಷ್ ಪೀಪಲ್ಸ್ ಕೌನ್ಸಿಲ್ ಎಂಬ ಸ್ಥಳೀಯ ಸಂಘಟನೆ ಕೆಲವೇ ದಿನಗಳಲ್ಲಿ ಸುಮಾರು ಒಂದು ಲಕ್ಷ ಸಹಿ ಸಂಗ್ರಹಿಸಿ, ಮೆರವಣಿಗೆಯನ್ನು ತಡೆಯಿರಿ ಎಂದು ಗೃಹ ಸಚಿವ ಜಾನ್ ಸೈಮನ್ ಅವರಿಗೆ ಮನವಿ ಕೊಟ್ಟಿತು. ಸಚಿವರು ಒಪ್ಪಲಿಲ್ಲ. ಇಲ್ಲೊಂದು ಸಂಗತಿಯನ್ನು ನೆನಪಿಡಬೇಕು: ಅಂದು ಎಲ್ಲರೂ ಒಕ್ಕೊರಲಿನಿಂದ 'ಬೀದಿಗಿಳಿಯಿರಿ' ಎಂದವರಲ್ಲ. ಯಹೂದಿ ಸಮುದಾಯದ ಅಧಿಕೃತ ಸಂಸ್ಥೆಯಾದ ಬೋರ್ಡ್ ಆಫ್ ಡೆಪ್ಯುಟೀಸ್ ಮನೆಯಲ್ಲೇ ಇರಿ ಎಂದಿತು. ಲೇಬರ್ ಪಕ್ಷದ ನಾಯಕರೂ ದೂರವಿರಲು ಹೇಳಿದರು. ಕಮ್ಯುನಿಸ್ಟ್ ಪಕ್ಷ ಅದೇ ದಿನ ಟ್ರಫಾಲ್ಗರ್ ಚೌಕದಲ್ಲಿ ಸೇನಾ ದಂಗೆಯನ್ನು ಎದುರಿಸುತ್ತಿದ್ದ ಸ್ಪೇನ್ ಗಣರಾಜ್ಯದ ಪರ ಸಭೆ ಗೊತ್ತುಮಾಡಿಕೊಂಡಿತ್ತು, ಈಸ್ಟ್ ಎಂಡ್‌ನ ತನ್ನದೇ ಕಾರ್ಯಕರ್ತರ ಒತ್ತಡಕ್ಕೆ ಮಣಿದು ಕೊನೆಗಳಿಗೆಯಲ್ಲಿ ಅದನ್ನು ಬಿಟ್ಟಿತು. ಬೀದಿಗೆ ಬರುವ ತೀರ್ಮಾನ ಮೇಲಿಂದ ಇಳಿದು ಬಂದದ್ದಲ್ಲ. ಅಲ್ಲಿ ಬಾಳುತ್ತಿದ್ದವರೇ ಅದನ್ನು ಕೈಗೊಂಡರು.

ಸುಮಾರು 2,000ದಿಂದ 3,000 ಫ್ಯಾಸಿಸ್ಟರು ರಾಯಲ್ ಮಿಂಟ್ ಸ್ಟ್ರೀಟ್‌ನಲ್ಲಿ ಸಾಲುಗಟ್ಟಿದರು. ಅವರಿಗೆ ದಾರಿ ಮಾಡಿಕೊಡಲು 6,000ಕ್ಕೂ ಹೆಚ್ಚು ಪೊಲೀಸರು ಬಂದರು. ಎದುರು ನಿಂತವರ ಲೆಕ್ಕ ಹೇಳುವವರನ್ನು ಅವಲಂಬಿಸಿ ಒಂದು ಲಕ್ಷದಿಂದ ಮೂರು ಲಕ್ಷದವರೆಗೆ ಏರುತ್ತದೆ. ಅತಿ ಕಡಿಮೆಯ ಅಂದಾಜನ್ನು ಹಿಡಿದರೂ ಅದು ಬೀದಿಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಆಲ್ಡ್‌ಗೇಟ್‌ನ ಗಾರ್ಡಿನರ್ಸ್ ಕಾರ್ನರ್ ಎಂಬ ಕೂಡುರಸ್ತೆ ಜನರಿಂದಲೂ ಅಡ್ಡ ನಿಂತ ಟ್ರಾಮ್‌ನಿಂದಲೂ ಮುಚ್ಚಿಹೋದಾಗ ಪೊಲೀಸರು ಪಕ್ಕದ ಕೇಬಲ್ ಸ್ಟ್ರೀಟನ್ನು ತೆರವು ಮಾಡಲು ಹೊರಟರು. ಅಲ್ಲಿ ಲಾರಿಯೊಂದನ್ನು ಉರುಳಿಸಿ, ಮರದ ಹಲಗೆ, ಮನೆಯ ಸಾಮಾನುಗಳನ್ನು ಪೇರಿಸಿ ಅಡ್ಡಗಟ್ಟೆ ಹಾಕಿದ್ದರು. ಕುದುರೆ ಪೊಲೀಸರ ದಾರಿಗೆ ಗೋಲಿಗಳನ್ನು ಉರುಳಿಬಿಟ್ಟರು. ಮೇಲಿನ ಕಿಟಕಿಗಳಿಂದ ಹೆಂಗಸರು ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ಮ್ಯಾಡ್ರಿಡ್‌ನಿಂದ ಬಂದ 'ಅವರು ದಾಟಿ ಬರಲಾರರು' ಎಂಬ ಕೂಗು ಈ ಬೀದಿಯದಾಯಿತು. ಕೊನೆಗೆ ಪೊಲೀಸ್ ಕಮಿಷನರ್ ಫಿಲಿಪ್ ಗೇಮ್ ಮೆರವಣಿಗೆ ಕೈಬಿಡುವಂತೆ ಮೋಸ್ಲಿಗೆ ಹೇಳಿದರು. ಫ್ಯಾಸಿಸ್ಟರು ಪಶ್ಚಿಮಕ್ಕೆ ತಿರುಗಿ ಥೇಮ್ಸ್ ದಂಡೆಯತ್ತ ನಡೆದು ಚದುರಿದರು.

ಆ ದಿನ ಫ್ಯಾಸಿಸ್ಟರಿಗೂ ನಿವಾಸಿಗಳಿಗೂ ನೇರ ಕೈಕೈ ನಡೆದದ್ದು ಬಹಳ ಕಡಿಮೆ. ಲಾಠಿ ಬಿದ್ದದ್ದು, ಕಲ್ಲು ಹಾರಿದ್ದು, ಸುಮಾರು 150 ಮಂದಿಯ ಬಂಧನವಾದದ್ದು ಎಲ್ಲವೂ ಬಹುಪಾಲು ಪೊಲೀಸರು ಮತ್ತು ನಿವಾಸಿಗಳ ನಡುವೆ. 'ಎರಡು ಗುಂಪುಗಳ ಘರ್ಷಣೆ' ಎಂಬ ವರ್ಣನೆ ಮೊದಲು ಮುರಿದು ಬೀಳುವುದು ಇಲ್ಲಿ. ಇಂಥ ಪ್ರತಿಯೊಂದು ಸಂದರ್ಭದಲ್ಲೂ ಮೂರನೆಯ ಪಕ್ಷವೊಂದು ಇರುತ್ತದೆ, ಮತ್ತು ದಾರಿಯನ್ನು ಯಾರಿಗಾಗಿ ತೆರವು ಮಾಡಬೇಕೆಂಬ ಅದರ ತೀರ್ಮಾನವೇ ಹೊಡೆದಾಟದ ಸ್ವರೂಪವನ್ನು ರೂಪಿಸುತ್ತದೆ.

ಗೆಲುವಿನ ಕಥೆಯಾಗಿ ಹೇಳುವಾಗ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಎರಡು ದಿನಗಳ ನಂತರ ಮೋಸ್ಲಿ ಬರ್ಲಿನ್‌ನಲ್ಲಿದ್ದ. ಅಕ್ಟೋಬರ್ 6ರಂದು ನಾಜಿ ಪ್ರಚಾರ ಸಚಿವ ಗೊಬೆಲ್ಸ್‌ನ ಮನೆಯಲ್ಲಿ, ಹಿಟ್ಲರನ ಸಮ್ಮುಖದಲ್ಲಿ, ಡಯಾನಾ ಮಿಟ್‌ಫರ್ಡ್‌ಳನ್ನು ಮದುವೆಯಾದ. ಒಂದು ವಾರ ಕಳೆದು, ಅಕ್ಟೋಬರ್ 11ರಂದು, ಫ್ಯಾಸಿಸ್ಟ್ ಬೆಂಬಲಿಗ ಯುವಕರ ಗುಂಪು ಮೈಲ್ ಎಂಡ್ ರಸ್ತೆಯಲ್ಲಿ ಯಹೂದಿಗಳ ಅಂಗಡಿಗಳ ಗಾಜು ಒಡೆದು, ಸಿಕ್ಕವರನ್ನು ಬಡಿಯಿತು. ಆ ವಾರಗಳಲ್ಲಿ ಲಂಡನ್ನಿನಲ್ಲಿ ಮೋಸ್ಲಿಯ ಪಕ್ಷಕ್ಕೆ ಸುಮಾರು 2,000 ಹೊಸ ಸದಸ್ಯರು ಸೇರಿದರೆಂದು ಪೊಲೀಸ್ ಗುಪ್ತಚರ ವಿಭಾಗ ಅಂದಾಜಿಸಿತು. 1937ರ ಮಾರ್ಚ್‌ನಲ್ಲಿ ನಡೆದ ಲಂಡನ್ ಕೌಂಟಿ ಕೌನ್ಸಿಲ್ ಚುನಾವಣೆಯಲ್ಲಿ ಅವರು ಒಂದು ಸ್ಥಾನವನ್ನೂ ಗೆಲ್ಲಲಿಲ್ಲ, ನಿಜ. ಆದರೆ ಈಶಾನ್ಯ ಬೆತ್ನಾಲ್ ಗ್ರೀನ್‌ನಲ್ಲಿ ಅವರಿಗೆ ಶೇ 23ರಷ್ಟು ಮತ ಬಿತ್ತು. ಇವೆಲ್ಲವನ್ನೂ ಮುಂದಿಟ್ಟು ಡೇನಿಯಲ್ ಟಿಲ್ಸ್‌ರಂಥ ಇತಿಹಾಸಕಾರರು, ಕೇಬಲ್ ಸ್ಟ್ರೀಟ್ ಅಲ್ಪಕಾಲದಲ್ಲಿ ಫ್ಯಾಸಿಸ್ಟರಿಗೆ ಅನುಕೂಲವನ್ನೇ ಮಾಡಿತು ಎಂದು ವಾದಿಸುತ್ತಾರೆ: ಹೊಡೆದಾಟದ ಸುದ್ದಿ ಪ್ರಚಾರ ತಂದಿತು, ಬಲಿಪಶುಗಳ ಪಾತ್ರವನ್ನೂ ಒದಗಿಸಿತು.

ಈ ವಾದವನ್ನು ತಳ್ಳಿಹಾಕಲಾಗದು, ಆದರೆ ಅದು ಪೂರ್ತಿಯೂ ಅಲ್ಲ. ಕೇಬಲ್ ಸ್ಟ್ರೀಟ್‌ನ ನಿಜವಾದ ಫಲವನ್ನು ಹುಡುಕಬೇಕಾದುದು ಮುಂದಿನ ಮೂರು ವರ್ಷಗಳ ಬಾಡಿಗೆ ಹೋರಾಟದಲ್ಲಿ. ಆ ದಿನದ ಸಂಘಟಕರಲ್ಲಿ ಒಬ್ಬನಾದ ಫಿಲ್ ಪಿರಾಟಿನ್ ನೆನಪಿಸಿಕೊಂಡಂತೆ, 1937ರ ಬೇಸಿಗೆಯಲ್ಲಿ ಪ್ಯಾರಗಾನ್ ಮ್ಯಾನ್ಷನ್ಸ್ ಎಂಬ ವಠಾರದಲ್ಲಿ ಬಾಡಿಗೆ ಬಾಕಿಗಾಗಿ ಹೊರಹಾಕಲ್ಪಡಲಿದ್ದವರಲ್ಲಿ ಮೋಸ್ಲಿಯ ಪಕ್ಷದ ಸದಸ್ಯರೂ ಇದ್ದರು. ತಮ್ಮ ಪಕ್ಷ ಕೈಕೊಟ್ಟಾಗ ಅವರ ಬಾಗಿಲಿಗೆ ಅಡ್ಡಗಟ್ಟೆ ಹಾಕಿ ಅಮೀನರನ್ನು ತಡೆದವರು ಕಮ್ಯುನಿಸ್ಟರು. ಅಡ್ಡಗಟ್ಟೆಯ ಅದೇ ವಿದ್ಯೆ ಈಗ ಫ್ಯಾಸಿಸ್ಟ್ ಸದಸ್ಯನ ಮನೆಯನ್ನು ಕಾಯಿತು. ಈಸ್ಟ್ ಎಂಡ್‌ನ ಭಾಗವಾದ ಸ್ಟೆಪ್ನಿಯ ಬಾಡಿಗೆದಾರರ ಸಂಘ ಬೆಳೆದು, ಯಹೂದಿ, ಐರಿಷ್, ಇಂಗ್ಲಿಷ್ ಕುಟುಂಬಗಳು ಒಂದೇ ಮಾಲೀಕನ ವಿರುದ್ಧ ಬಾಡಿಗೆ ಕೊಡದೆ ಕೂತಾಗ, 'ನಿನ್ನ ಕಷ್ಟಕ್ಕೆ ಪಕ್ಕದ ಮನೆಯವನು ಕಾರಣ' ಎಂಬ ಮಾತಿಗೆ ನಂಬುಗೆ ಉಳಿಯಲಿಲ್ಲ. ಪಿರಾಟಿನ್ 1937ರಲ್ಲಿ ಸ್ಟೆಪ್ನಿಯ ಕೌನ್ಸಿಲರ್ ಆದ, 1945ರಲ್ಲಿ ಮೈಲ್ ಎಂಡ್‌ನಿಂದ ಪಾರ್ಲಿಮೆಂಟಿಗೆ ಹೋದ. ಮೋಸ್ಲಿಯನ್ನು 1940ರ ಮೇ ತಿಂಗಳಲ್ಲಿ ಸರ್ಕಾರ ಬಂಧನದಲ್ಲಿಟ್ಟಿತು. ಬೀದಿಯನ್ನು ತಡೆದದ್ದು ಆ ಜನರಿಗೆ ಸಮಯವನ್ನೂ ಆತ್ಮವಿಶ್ವಾಸವನ್ನೂ ಕೊಟ್ಟಿತು. ಆ ಸಮಯವನ್ನು ಅವರು ಹೇಗೆ ಬಳಸಿಕೊಂಡರು ಎಂಬುದರಿಂದ ಅದಕ್ಕೆ ಬೆಲೆ ಬಂತು.

ಇದಕ್ಕೆ ತದ್ವಿರುದ್ಧವಾದ ಕಥೆ ಕೇಬಲ್ ಸ್ಟ್ರೀಟ್‌ಗಿಂತ ನಾಲ್ಕು ವರ್ಷ ಮೊದಲೇ ಜರ್ಮನಿಯಲ್ಲಿ ನಡೆದಿತ್ತು, ಮತ್ತು ಬೀದಿ ಹೋರಾಟವನ್ನು ರೋಮಾಂಚನದಿಂದ ನೆನೆಯುವ ಯಾರೂ ಅದನ್ನು ಮರೆಯಬಾರದು. 1932ರ ಜುಲೈ 17ರಂದು ಸುಮಾರು 7,000 ನಾಜಿ ದಳದವರು ಹ್ಯಾಂಬರ್ಗ್ ಪಕ್ಕದ ಆಲ್ಟೋನಾದಲ್ಲಿ, ಕಮ್ಯುನಿಸ್ಟರ ಭದ್ರ ನೆಲೆಯಾಗಿದ್ದ ಇಕ್ಕಟ್ಟಿನ ಕಾರ್ಮಿಕ ಬೀದಿಗಳ ಮೂಲಕ ಮೆರವಣಿಗೆ ಹೊರಟರು. ಗುಂಡು ಹಾರಿ ಇಬ್ಬರು ನಾಜಿಗಳು ಸತ್ತರು. ಆ ಬಳಿಕ ಪೊಲೀಸರು ಹಾರಿಸಿದ ಗುಂಡಿಗೆ 16 ನಿವಾಸಿಗಳು ಬಲಿಯಾದರು. ಮೂರೇ ದಿನಗಳಲ್ಲಿ ಚಾನ್ಸಲರ್ ಫಾನ್ ಪಾಪೆನ್ ಇದನ್ನೇ ನೆಪ ಮಾಡಿಕೊಂಡು, ಸೋಷಿಯಲ್ ಡೆಮಾಕ್ರಾಟರ ಕೈಯಲ್ಲಿದ್ದ ಪ್ರಷ್ಯಾ ರಾಜ್ಯ ಸರ್ಕಾರವನ್ನು ಕಿತ್ತುಹಾಕಿದ. ದೇಶದ ಅತಿ ದೊಡ್ಡ ಪೊಲೀಸ್ ಪಡೆ ಹೀಗೆ ಪ್ರಜಾಪ್ರಭುತ್ವವಾದಿಗಳ ಕೈತಪ್ಪಿತು. ಆರು ತಿಂಗಳ ನಂತರ ಅದು ಹಿಟ್ಲರನ ಸರ್ಕಾರಕ್ಕೆ ಸಿದ್ಧವಾಗಿ ಸಿಕ್ಕಿತು. ಮೆರವಣಿಗೆಗೆ ಅವಕಾಶ ಕೊಟ್ಟಿದ್ದ ಸೋಷಿಯಲ್ ಡೆಮಾಕ್ರಾಟ್ ಪೊಲೀಸ್ ಮುಖ್ಯಸ್ಥ ಒಟ್ಟೊ ಎಗ್ಗರ್‌ಸ್ಟೆಟ್‌ನನ್ನು 1933ರ ಅಕ್ಟೋಬರ್‌ನಲ್ಲಿ ಎಸ್ಟರ್‌ವೇಗನ್ ಬಂಧನ ಶಿಬಿರದಲ್ಲಿ ಕೊಂದರು. ಆ ದಿನದ ಗಲಭೆಗೆ ಹೊಣೆ ಹೊರಿಸಿ ನಾಲ್ವರು ಎಡಪಂಥೀಯರ ತಲೆ ಕಡಿಯಲಾಯಿತು. ಅವರ ಮೇಲಿನ ತೀರ್ಪನ್ನು ಜರ್ಮನ್ ನ್ಯಾಯಾಲಯ ರದ್ದು ಮಾಡಿದ್ದು 1992ರಲ್ಲಿ.

ಆಲ್ಟೋನಾದ ಜನ ಕೇಬಲ್ ಸ್ಟ್ರೀಟ್‌ನವರಿಗಿಂತ ಕಡಿಮೆ ಧೈರ್ಯದವರೇನೂ ಆಗಿರಲಿಲ್ಲ. ಆದರೆ ಅಲ್ಲಿ ಬೀದಿಗೆ ಬಂದೂಕು ಬಂದಿತ್ತು. ಎಡಪಕ್ಷಗಳು ಎರಡಾಗಿ ಒಡೆದಿದ್ದವು: ಇಂದು ಫ್ಯಾಸಿಸಂ ವಿರೋಧಿ ಗುಂಪುಗಳಿಗೆ ಬಳಸುವ 'ಆಂಟಿಫಾ' ಎಂಬ ಹೆಸರಿಗೆ ಮೂಲವಾದ ಆಂಟಿಫಾಷಿಸ್ಟಿಷೆ ಆಕ್ಷನ್ ಎಂಬ ಸಂಘಟನೆಯನ್ನು ಕಮ್ಯುನಿಸ್ಟರು ಹುಟ್ಟುಹಾಕಿದ್ದು ಅದೇ ವರ್ಷ, ಅದೇ ಹೊತ್ತಿಗೆ ಅವರು ಸೋಷಿಯಲ್ ಡೆಮಾಕ್ರಾಟರನ್ನು 'ಸಾಮಾಜಿಕ ಫ್ಯಾಸಿಸ್ಟರು' ಎಂದೂ ಕರೆಯುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಬೀದಿಯ ಅಶಾಂತಿಗಾಗಿಯೇ ಕಾದು ಕೂತಿದ್ದ ಕೈಗಳಲ್ಲಿ ಕೇಂದ್ರದ ಅಧಿಕಾರವಿತ್ತು. ಗಲಭೆಯಿಂದ ಲಾಭ ಪಡೆಯುವವರು ಅಧಿಕಾರದಲ್ಲಿರುವಾಗ ಬೀದಿಯ ಪ್ರತಿರೋಧದ ಲೆಕ್ಕಾಚಾರವೇ ಬದಲಾಗುತ್ತದೆ.

ಈ ಕಾರಣಕ್ಕೇ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಆಂಟಿಫಾವನ್ನು ದೇಶದೊಳಗಿನ ಭಯೋತ್ಪಾದಕ ಸಂಘಟನೆ ಎಂದು ಘೋಷಿಸುವ ಆದೇಶಕ್ಕೆ ಸಹಿ ಹಾಕಿದ್ದು ಕಳವಳದ ಸಂಗತಿ. ಅದು ಸಂಘಟನೆಗಿಂತ ಹೆಚ್ಚಾಗಿ ಒಂದು ವಿಚಾರಧಾರೆ ಎಂದು 2020ರಲ್ಲಿ ಎಫ್‌ಬಿಐನ ಅಂದಿನ ನಿರ್ದೇಶಕ ಕ್ರಿಸ್ಟೊಫರ್ ರೇ ಅವರೇ ಹೇಳಿದ್ದರು. ಕಚೇರಿ, ಸದಸ್ಯಪಟ್ಟಿ, ಅಧ್ಯಕ್ಷ ಯಾವುದೂ ಇಲ್ಲದ ಒಂದು ಹೆಸರನ್ನು ಯಾರ ಮೇಲೆ ಬೇಕಾದರೂ ಹಚ್ಚಬಹುದು. ಅದೇ ದೇಶದಲ್ಲಿ, 2017ರ ಆಗಸ್ಟ್ 12ರಂದು ಷಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯ ಜನಾಂಗವಾದಿಗಳ ಮೆರವಣಿಗೆಯನ್ನು ವಿರೋಧಿಸಿ ನಡೆಯುತ್ತಿದ್ದವರ ಮೇಲೆ ಕಾರು ಹರಿದು ಹೆದರ್ ಹೇಯರ್ ಎಂಬ ಯುವತಿ ಸತ್ತಿದ್ದಳು. ನಗರಾಡಳಿತವೇ ನೇಮಿಸಿದ್ದ ತನಿಖೆಯ ವರದಿ, ಹೊಡೆದಾಟ ಕಣ್ಣೆದುರೇ ನಡೆಯುತ್ತಿದ್ದರೂ ಪೊಲೀಸರು ಮಧ್ಯೆ ಬರದೆ ನಿಂತಿದ್ದರೆಂದು ಕಟುವಾಗಿ ಟೀಕಿಸಿತು. ಕೇಬಲ್ ಸ್ಟ್ರೀಟ್‌ನಲ್ಲಿ ಪೊಲೀಸರು ಮೆರವಣಿಗೆಗೆ ದಾರಿ ಬಿಡಿಸಲು ಹೋದರು. ಷಾರ್ಲಟ್ಸ್‌ವಿಲ್‌ನಲ್ಲಿ ಯಾರನ್ನೂ ಕಾಯಲಿಲ್ಲ.

ಮತ್ತೆ ಬ್ರಿಟನ್ನಿಗೆ ಬಂದರೆ, 1970ರ ದಶಕದ ಹೊತ್ತಿಗೆ ಗುರಿಯಾಗಿದ್ದವರು ಕೆರಿಬಿಯನ್ ಮತ್ತು ಭಾರತ ಉಪಖಂಡದ ವಲಸಿಗರು. 1977ರ ಆಗಸ್ಟ್ 13ರಂದು ನ್ಯಾಷನಲ್ ಫ್ರಂಟ್ ದಕ್ಷಿಣ ಲಂಡನ್ನಿನ ಲೂಯಿಷಮ್‌ನಲ್ಲಿ, ಕಪ್ಪು ಯುವಕರನ್ನು ದರೋಡೆಕೋರರೆಂದು ಬಿಂಬಿಸುವ ಮೆರವಣಿಗೆ ಹೊರಡಿಸಿತು. ಬೆಳಿಗ್ಗೆ ಸೌತ್‌ವಾರ್ಕ್‌ನ ಬಿಷಪ್ ಸೇರಿದಂತೆ ಸ್ಥಳೀಯ ಗಣ್ಯರು ಶಾಂತಿಯುತವಾಗಿ ನಡೆದರು. ಮಧ್ಯಾಹ್ನ ನ್ಯೂ ಕ್ರಾಸ್‌ನಲ್ಲಿ ಸಾವಿರಾರು ಮಂದಿ ಫ್ರಂಟ್‌ನ ಸಾಲನ್ನು ಒಡೆದರು. ಬ್ರಿಟನ್ ಮುಖ್ಯಭೂಮಿಯಲ್ಲಿ ಪೊಲೀಸರು ಗಲಭೆ ಗುರಾಣಿಗಳನ್ನು ಮೊದಲ ಬಾರಿ ಹಿಡಿದದ್ದು ಅಂದೇ. ಅದೇ ನವೆಂಬರ್‌ನಲ್ಲಿ ಆಂಟಿ ನಾಜಿ ಲೀಗ್ ಹುಟ್ಟಿತು. 1978ರ ಏಪ್ರಿಲ್ 30ರಂದು ವಿಕ್ಟೋರಿಯಾ ಪಾರ್ಕಿನ ಸಂಗೀತ ಸಭೆಗೆ 80,000 ಮಂದಿ ಬಂದರು. ನಾಲ್ಕೇ ದಿನದ ಬಳಿಕ, ಮೇ 4ರಂದು, ವೈಟ್‌ಚಾಪಲ್‌ನಲ್ಲಿ ಬಾಂಗ್ಲಾದೇಶಿ ಜವಳಿ ಕಾರ್ಮಿಕ ಆಲ್ತಾಬ್ ಅಲಿಯನ್ನು ಕೊಂದರು. ಅವನ ಶವಪೆಟ್ಟಿಗೆಯ ಹಿಂದೆ ಸುಮಾರು 7,000 ಮಂದಿ ಡೌನಿಂಗ್ ಸ್ಟ್ರೀಟ್‌ವರೆಗೆ ನಡೆದರು. ಇಂದು ವೈಟ್‌ಚಾಪಲ್ ರಸ್ತೆಯ ಉದ್ಯಾನಕ್ಕೆ ಅವನದೇ ಹೆಸರು. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಯುವಕರು ಅಷ್ಟು ಬೇಗ ಬೀದಿಗೆ ಬಂದದ್ದೇಕೆ ಎಂದು ಕೇಳುವವರಿಗೆ ಆ ಉದ್ಯಾನದ ನಾಮಫಲಕವೇ ಅರ್ಧ ಉತ್ತರ.

ಭಾರತೀಯ ಓದುಗರಿಗೆ ಹೆಚ್ಚು ತಟ್ಟುವ ಊರು ಸೌತಾಲ್. ಪಂಜಾಬಿಗಳು ಕಟ್ಟಿ ಬೆಳೆಸಿದ ಆ ಪೇಟೆಯ ನಡುವಿನ ಪುರಭವನವನ್ನು, 1979ರ ಏಪ್ರಿಲ್ 23ರಂದು ಚುನಾವಣಾ ಸಭೆಗೆಂದು ನ್ಯಾಷನಲ್ ಫ್ರಂಟ್‌ಗೆ ಕೊಡಲಾಯಿತು. ಅಂಗಡಿಗಳು ಮುಚ್ಚಿದವು, ಕಾರ್ಖಾನೆಗಳಿಂದ ಕೆಲಸಗಾರರು ಹೊರಬಂದರು. 2,500ಕ್ಕೂ ಹೆಚ್ಚು ಪೊಲೀಸರು ಇಡೀ ಪೇಟೆಯನ್ನು ಸುತ್ತುಗಟ್ಟಿದರು. ಅಷ್ಟೆಲ್ಲ ಕಾವಲಿನಲ್ಲಿ ನಡೆದ ಸಭೆಗೆ ಬಂದವರು ಬೆರಳೆಣಿಕೆಯ ಮಂದಿ. ಅಂದು ಸಂಜೆ ನ್ಯೂಜಿಲೆಂಡ್ ಮೂಲದ ಶಾಲಾ ಶಿಕ್ಷಕ ಬ್ಲೇರ್ ಪೀಚ್ ತಲೆಗೆ ಪೆಟ್ಟು ಬಿದ್ದು, ಆ ರಾತ್ರಿ ತೀರಿಕೊಂಡರು. ಪೊಲೀಸ್ ಅಧಿಕಾರಿಯೊಬ್ಬನ ಹೊಡೆತವೇ ಸಾವಿಗೆ ಕಾರಣವಾಗಿರುವ ಸಂಭವ ಹೆಚ್ಚು ಎಂದಿದ್ದ ಆಂತರಿಕ ವರದಿ ಮೂವತ್ತೊಂದು ವರ್ಷ ಬೀರುವಿನಲ್ಲಿದ್ದು, 2010ರಲ್ಲಿ ಹೊರಬಂತು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಸಭೆ ನಡೆಸುವ ಹಕ್ಕನ್ನು ಕಾಯುವುದು ಪ್ರಜಾಪ್ರಭುತ್ವದ ಕರ್ತವ್ಯವೇ ಎಂದು ಒಪ್ಪಿದರೂ, ಆ ಹಕ್ಕಿನ ಬೆಲೆಯನ್ನು ಯಾವಾಗಲೂ ಬಡ ವಲಸಿಗರ ಪೇಟೆಯೇ ತೆರಬೇಕೇ ಎಂಬ ಪ್ರಶ್ನೆಗೆ ಸೌತಾಲ್‌ನಲ್ಲಿ ಉತ್ತರ ಸಿಗಲಿಲ್ಲ.

ಹತ್ತು ದಿನಗಳ ನಂತರದ ಚುನಾವಣೆಯಲ್ಲಿ 303 ಕಡೆ ನಿಂತ ನ್ಯಾಷನಲ್ ಫ್ರಂಟ್‌ಗೆ ದೇಶದ ಒಟ್ಟು ಮತಗಳಲ್ಲಿ ಸಿಕ್ಕಿದ್ದು ಶೇ 0.6 ಮಾತ್ರ, ಬಳಿಕ ಅದು ಹೋಳಾಯಿತು. ಇದನ್ನು ಫ್ಯಾಸಿಸಂ ವಿರೋಧಿ ಚಳವಳಿಯ ಜಯ ಎನ್ನುವವರಿದ್ದಾರೆ. ದೇಶ ಬೇರೆ ಸಂಸ್ಕೃತಿಯವರಲ್ಲಿ 'ಮುಳುಗಿಹೋಗುವ' ಭಯ ಜನರಿಗಿದೆ ಎಂದು 1978ರ ಜನವರಿಯಲ್ಲಿ ಹೇಳಿದ ಮಾರ್ಗರೆಟ್ ಥ್ಯಾಚರ್ ಆ ಮತಗಳನ್ನು ತಮ್ಮತ್ತ ಸೆಳೆದುಕೊಂಡರು ಎನ್ನುವವರೂ ಇದ್ದಾರೆ. ಎರಡೂ ನಿಜವೆಂದೇ ನನಗೆ ತೋರುತ್ತದೆ. ಬೀದಿಯಿಂದ ಓಡಿಸಿದ ಮಾತು ದೊಡ್ಡ ಪಕ್ಷದ ಬಾಯಲ್ಲಿ ಮೃದುವಾಗಿ ಮರಳಿ ಬರಬಲ್ಲದು, ಮತ್ತು ಅದನ್ನು ಅಡ್ಡಗಟ್ಟೆ ಹಾಕಿ ತಡೆಯಲಾಗದು.

ಕಾನೂನಿನ ಕಥೆ ಇದಕ್ಕೆ ಹೊಂದಿಕೊಂಡೇ ಸಾಗಿದೆ. ಕೇಬಲ್ ಸ್ಟ್ರೀಟ್‌ನ ಮೂರು ತಿಂಗಳೊಳಗೆ, 1937ರ ಜನವರಿ 1ರಿಂದ ಜಾರಿಗೆ ಬಂದ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ ರಾಜಕೀಯ ಸಮವಸ್ತ್ರವನ್ನು ನಿಷೇಧಿಸಿತು, ಮೆರವಣಿಗೆಗಳನ್ನು ಮೂರು ತಿಂಗಳವರೆಗೆ ತಡೆಯುವ ಅಧಿಕಾರ ಕೊಟ್ಟಿತು. ಕರಿ ಅಂಗಿ ಕಳಚಿದ್ದು ಫ್ಯಾಸಿಸ್ಟರಿಗೆ ದೊಡ್ಡ ಪೆಟ್ಟೇ ಆಗಿತ್ತು. ಆದರೆ ಈಸ್ಟ್ ಎಂಡ್‌ನಲ್ಲಿ ಮೆರವಣಿಗೆ ನಿಂತಾಗ 1937ರ ಅಕ್ಟೋಬರ್‌ನಲ್ಲಿ ಮೋಸ್ಲಿ ನದಿಯಾಚೆಯ ಬರ್ಮಂಡ್ಸಿಗೆ ಹೋದ, ಅಲ್ಲಿಯೂ ಅಡ್ಡಗಟ್ಟೆಗಳು ಎದ್ದವು. ಕಾಯ್ದೆ ಫ್ಯಾಸಿಸ್ಟರಿಗೆ ಮಾತ್ರ ಅನ್ವಯಿಸುವಂಥದಾಗಿರಲಿಲ್ಲ: 1984-85ರ ಗಣಿ ಕಾರ್ಮಿಕರ ಮುಷ್ಕರದಲ್ಲಿ ಅದರದೇ ಕಲಮುಗಳಡಿ ಕಾರ್ಮಿಕರ ಮೇಲೆ ಮೊಕದ್ದಮೆಗಳು ಬಿದ್ದವು. 2011ರ ಸೆಪ್ಟೆಂಬರ್‌ನಲ್ಲಿ ಮುಸ್ಲಿಂ ವಿರೋಧಿ ಗುಂಪಾದ ಇಂಗ್ಲಿಷ್ ಡಿಫೆನ್ಸ್ ಲೀಗ್ ಟವರ್ ಹ್ಯಾಮ್ಲೆಟ್ಸ್‌ಗೆ ಬರುವುದಾಗಿ ಹೇಳಿದಾಗ ಗೃಹ ಸಚಿವೆ ತೆರೇಸಾ ಮೇ ಐದು ವಲಯಗಳಲ್ಲಿ 30 ದಿನ ಎಲ್ಲ ಮೆರವಣಿಗೆಗಳನ್ನೂ ನಿಷೇಧಿಸಿದರು. ಅದರಿಂದ ಲೀಗನ್ನು ವಿರೋಧಿಸುವವರ ಮೆರವಣಿಗೆಯೂ ನಿಂತಿತು, ಲೀಗ್ ಮಾತ್ರ ಆಲ್ಡ್‌ಗೇಟ್‌ನಲ್ಲಿ ನಿಂತ ಸಭೆ ನಡೆಸಿಯೇ ಹೋಯಿತು. ನಿಷೇಧ ಬೇಕು ಎಂದು ಕೇಳುವವರು ಈ ದಾಖಲೆಯನ್ನು ಎದುರಿಟ್ಟುಕೊಂಡೇ ಕೇಳಬೇಕು.

2024ರಿಂದ ಈಚೆಗೆ ಈ ಹಳೆಯ ಚಿತ್ರ ಬಹಳಷ್ಟು ಬದಲಾಗಿದೆ. 2024ರ ಜುಲೈ 29ರಂದು ಸೌತ್‌ಪೋರ್ಟ್‌ನ ನೃತ್ಯ ತರಗತಿಯೊಂದರಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳನ್ನು ಇರಿದು ಕೊಲ್ಲಲಾಯಿತು. ಕೊಂದವನು ದೋಣಿಯಲ್ಲಿ ಬಂದ ಮುಸ್ಲಿಂ ಆಶ್ರಯಾರ್ಥಿ ಎಂಬ ಸುಳ್ಳು ಗಂಟೆಗಳೊಳಗೆ ಮೊಬೈಲ್‌ಗಳಲ್ಲಿ ಹರಡಿತು. ಅವನು ಕಾರ್ಡಿಫ್‌ನಲ್ಲೇ ಹುಟ್ಟಿದ ಹದಿನೇಳರ ಹುಡುಗ. ಮರುದಿನ ಸೌತ್‌ಪೋರ್ಟ್‌ನ ಮಸೀದಿಯ ಮೇಲೆ ದಾಳಿಯಾಯಿತು, ವಾರವಿಡೀ ಊರೂರಿಗೆ ಗಲಭೆ ಹಬ್ಬಿತು. ಸಮವಸ್ತ್ರವಿಲ್ಲ, ಸದಸ್ಯತ್ವವಿಲ್ಲ, ಅನುಮತಿ ಕೇಳುವ ನಾಯಕನೂ ಇಲ್ಲ. ಪೊಲೀಸರ ಬಳಿ ದಾರಿಯ ನಕ್ಷೆ ಸಲ್ಲಿಸುವ ಮೋಸ್ಲಿಯ ಕಾಲದ ಕ್ರಮ ಇಲ್ಲಿ ಅನ್ವಯಿಸಲೇ ಇಲ್ಲ. ಆಗಸ್ಟ್ 6ರಂದು ಲಂಡನ್ನಿನ ಭಾರತೀಯ ಹೈಕಮಿಷನ್, ಬ್ರಿಟನ್ನಿಗೆ ಬರುವ ಭಾರತೀಯರು ಎಚ್ಚರದಿಂದಿರಬೇಕೆಂದು ಸೂಚನೆ ಹೊರಡಿಸಿತು. ಅಲ್ಲಿನ ಆಸ್ಪತ್ರೆಗಳಲ್ಲಿ, ಐಟಿ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರ ಮನೆಗಳನ್ನೂ ಮುಟ್ಟಿದ ಸೂಚನೆ ಅದು. ಕಲ್ಲು ಎಸೆಯುವವನು ಮೈಬಣ್ಣ ನೋಡುತ್ತಾನೆಯೇ ಹೊರತು ವೀಸಾದ ಬಗೆಯನ್ನಲ್ಲ.

ಆಗಸ್ಟ್ 7ರ ಬುಧವಾರ ಸಂಜೆ ನೂರಕ್ಕೂ ಹೆಚ್ಚು ಕಡೆ ಗುಂಪುಗಳು ಸೇರಬಹುದೆಂದು ಪೊಲೀಸರು ಸಿದ್ಧರಾಗಿದ್ದರು. ವಲಸೆ ಕಾನೂನು ನೆರವಿನ ಕಚೇರಿಗಳ ಪಟ್ಟಿಯೊಂದು ಟೆಲಿಗ್ರಾಂನಲ್ಲಿ ಓಡಾಡಿತ್ತು. ವಾಲ್ತಮ್‌ಸ್ಟೋ, ಬ್ರೈಟನ್, ಬ್ರಿಸ್ಟಲ್ ಮೊದಲಾದ ಊರುಗಳಲ್ಲಿ ಆ ಸಂಜೆ ಬೀದಿ ತುಂಬಿದವರು ವಲಸಿಗರ ಪರವಾಗಿ ಬಂದ ಸಾವಿರಾರು ನೆರೆಹೊರೆಯವರು. ಗಲಭೆಕೋರರು ಹೆಚ್ಚಿನ ಕಡೆ ಬರಲೇ ಇಲ್ಲ. ಜನಸಾಗರ ಅವರನ್ನು ತಡೆಯಿತೇ, ಅದೇ ದಿನ ನ್ಯಾಯಾಲಯಗಳು ಮೊದಲ ಗಲಭೆಕೋರರಿಗೆ ವಿಧಿಸತೊಡಗಿದ ಜೈಲು ಶಿಕ್ಷೆ ತಡೆಯಿತೇ ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ. ಫ್ಯಾಸಿಸಂ ವಿರೋಧಿಗಳು ತಮ್ಮ ಕಡೆಯ ತಪ್ಪನ್ನೂ ಒಪ್ಪಬೇಕು: ಅಂದು ವಾಲ್ತಮ್‌ಸ್ಟೋದಲ್ಲಿ ಲೇಬರ್ ಕೌನ್ಸಿಲರ್ ಒಬ್ಬರು ಎದುರಾಳಿಗಳ ಕತ್ತು ಕುಯ್ಯಬೇಕೆಂದು ಆಡಿದ ಮಾತು ಅವರನ್ನು ಕಟಕಟೆಗೆ ಒಯ್ದಿತು. 2025ರ ಆಗಸ್ಟ್‌ನಲ್ಲಿ ಅವರ ಖುಲಾಸೆಯಾದಾಗ, 'ಕಾನೂನು ಒಬ್ಬೊಬ್ಬರಿಗೆ ಒಂದೊಂದು ಬಗೆ' ಎಂದು ದೂರುತ್ತಿದ್ದ ತೀವ್ರ ಬಲಪಂಥೀಯರಿಗೆ ಬಯಸಿದ್ದೇ ಸಿಕ್ಕಂತಾಯಿತು.

2025ರ ಸೆಪ್ಟೆಂಬರ್ 13ರಂದು ಲೆಕ್ಕ ತಲೆಕೆಳಗಾಯಿತು. ಟಾಮಿ ರಾಬಿನ್ಸನ್ ಎಂಬ ಹೆಸರಿನಿಂದ ಪರಿಚಿತನಾದ, ಹಿಂದೆ ಇಂಗ್ಲಿಷ್ ಡಿಫೆನ್ಸ್ ಲೀಗ್ ಕಟ್ಟಿದ್ದ ಸ್ಟೀಫನ್ ಯಾಕ್ಸ್‌ಲಿ ಲೆನನ್ ಕರೆದ ಮೆರವಣಿಗೆಗೆ ಪೊಲೀಸರ ಅಂದಾಜಿನಂತೆ 1,10,000ದಿಂದ 1,50,000 ಮಂದಿ ಮಧ್ಯ ಲಂಡನ್ನಿಗೆ ಬಂದರು. ವಿರೋಧಿಸಿ ಸೇರಿದವರು ಸುಮಾರು 5,000. ಇಲಾನ್ ಮಸ್ಕ್ ವಿಡಿಯೊ ಮೂಲಕ ಮಾತನಾಡಿದರು. ಪೊಲೀಸರ ಸಾಲನ್ನು ಒಡೆದು ಪ್ರತಿಭಟನಕಾರರತ್ತ ನುಗ್ಗಲು ನಡೆದ ಯತ್ನಗಳಲ್ಲಿ 26 ಪೊಲೀಸರು ಗಾಯಗೊಂಡರು. ಕೇಬಲ್ ಸ್ಟ್ರೀಟ್‌ನ ಪಾಠ ನಿಂತಿದ್ದುದೇ 'ನಾವು ಬಹಳ ಮಂದಿ, ಅವರು ಕೆಲವರು' ಎಂಬ ಸತ್ಯದ ಮೇಲೆ. ಅಂದು, ಸರ್ಕಾರಿ ಕಚೇರಿಗಳ ಬೀದಿಯಾದ ವೈಟ್‌ಹಾಲ್‌ನಲ್ಲಿ, ಅದು ಸತ್ಯವಾಗಿರಲಿಲ್ಲ. ಲಕ್ಷಕ್ಕೂ ಹೆಚ್ಚಿದ್ದ ಆ ಜನರಲ್ಲಿ ಹಲವರು ಬಂದದ್ದು ಮನೆ ಬಾಡಿಗೆ, ಆಸ್ಪತ್ರೆಯ ಕಾಯುವಿಕೆ, ಕೆಲಸದ ಅಭದ್ರತೆಯ ಸಿಟ್ಟಿನಿಂದ. ಅವರೆಲ್ಲರನ್ನೂ ಒಟ್ಟಾಗಿ ಫ್ಯಾಸಿಸ್ಟರೆಂದು ಕರೆದು ಬೇಲಿಯಾಚೆ ನಿಲ್ಲುವುದು, ಪ್ಯಾರಗಾನ್ ಮ್ಯಾನ್ಷನ್ಸ್‌ನ ಬಾಗಿಲಿಗೆ ಹೋಗದೆ ಇರುವುದಕ್ಕೆ ಸಮ.

ವೈಟ್‌ಚಾಪಲ್‌ಗೆ ಒಂದು ನೆನಪಿದೆ, ಮಸೀದಿ ಇದೆ, ಮತದಾರರಿದ್ದಾರೆ, ಕೌನ್ಸಿಲ್ ಇದೆ. ಅದನ್ನು ಮುಟ್ಟಲು ಬರುವವರಿಗೆ ಉತ್ತರ ಸಿಗುತ್ತದೆ. ಮೆರವಣಿಗೆಗಳು ಈಗ ಹೆಚ್ಚಾಗಿ ಹೊರಟಿರುವುದು ಇವೊಂದೂ ಇಲ್ಲದವರ ಕಡೆಗೆ. 2025ರ ಜೂನ್ ಅಂತ್ಯಕ್ಕೆ ಬ್ರಿಟನ್ನಿನಲ್ಲಿ ಸುಮಾರು 32,000 ಆಶ್ರಯಾರ್ಥಿಗಳು ಹೋಟೆಲುಗಳಲ್ಲಿದ್ದರು. ಸಾಮಾನ್ಯವಾಗಿ ಕೆಲಸ ಮಾಡುವ ಅನುಮತಿ ಅವರಿಗಿಲ್ಲ, ಓಟಿಲ್ಲ, ಯಾವ ಊರಿಗೆ ಕಳಿಸುತ್ತಾರೆಂಬ ಆಯ್ಕೆಯೂ ಇಲ್ಲ. ಎಸೆಕ್ಸ್‌ನ ಎಪ್ಪಿಂಗ್‌ನಲ್ಲಿ ಆ ಬೇಸಿಗೆಯಿಡೀ ಅಂಥ ಒಂದು ಹೋಟೆಲಿನ ಮುಂದೆ ಪ್ರತಿಭಟನೆಗಳು ನಡೆದವು. ಆಶ್ರಯಾರ್ಥಿಗಳನ್ನು ತೆರವು ಮಾಡಿಸಬೇಕೆಂದು ಆಗಸ್ಟ್ 19ರಂದು ಹೈಕೋರ್ಟ್ ಆದೇಶಿಸಿತು, ಹತ್ತು ದಿನಗಳಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅದಕ್ಕೆ ಒಂದು ವರ್ಷ ಮೊದಲು, 2024ರ ಆಗಸ್ಟ್ 4ರಂದು, ರಾದರಮ್ ಬಳಿಯ ಮ್ಯಾನ್ವರ್ಸ್‌ನಲ್ಲಿ ಇಂಥದೇ ಹೋಟೆಲೊಂದರ ಬಾಗಿಲಿಗೆ ಉರಿಯುವ ಕಸದ ತೊಟ್ಟಿಯನ್ನು ದೂಡಿದಾಗ ಒಳಗೆ 200ಕ್ಕೂ ಹೆಚ್ಚು ಮಂದಿ ಇದ್ದರು. ಅವರು ಮೇಲಿನ ಮಹಡಿಯ ಕಿಟಕಿಗಳಿಂದ ಕೆಳಗಿನ ಗುಂಪನ್ನು ನೋಡುತ್ತಿದ್ದರು. ಅವರಿಗೂ ಆ ಗುಂಪಿಗೂ ನಡುವೆ ಇದ್ದದ್ದು ಪೊಲೀಸರ ಸಾಲು, ಮತ್ತು ಅದರಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಅಂದು ಗಾಯಗೊಂಡರು.